ಅರ್ಧ ಗಂಟೆಯ ಮಟ್ಟಿಗೆ

ಶಬ್ದ ಪಕ್ಕದ ನಂಜಪ್ಪನ ಮನೆಯಿಂದಲೇ ಬರುತ್ತಿತ್ತು. ಇನ್ನು ಅನುಮಾನವಿರಲಿಲ್ಲ.

ಸುದರ್ಶನ್ ಕಾಂಪೌಂಡ್ ಗೋಡೆಗೆ ಒತ್ತಿ ನಿಂತು, ಅಂಗೈಯಗಲದ ಟ್ರಾನ್ಸಿಸ್ಟರನ್ನು ಕಿವಿಗೆ ಹಿಡಿದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿಸಿದ. ತನ್ನ ಮನೆಯ ಕಡೆ ತಿರುಗಿಸಿದರೆ ಕರಕರ ಇಳಿಯುತ್ತಿತ್ತು. ನಂಜಪ್ಪನ ಮನೆಯ ಪಕ್ಕದ ಕೋಣೆಯ ಕಿಟಕಿಗೆ ತಿರುಗಿಸಿದರೆ ಏರುತ್ತಿತ್ತು. ಎಂಟು ತಿಂಗಳಿಂದ ಅವನ ರೇಡಿಯೋವನ್ನು ಕೆಡಿಸಿದ್ದ ಶಬ್ದ ಅವನು ರೇಡಿಯೋ ಇಟ್ಟಿದ್ದ ಮೇಜಿನಿಂದ ಹದಿನೈದು ಅಡಿ ದೂರದಲ್ಲಿ ಹುಟ್ಟುತ್ತಿತ್ತು.

ಈ ಎಂಟು ತಿಂಗಳಲ್ಲಿ ಅವನು ಬೀದಿದೀಪಗಳನ್ನು ಅನುಮಾನಿಸಿದ್ದ. ಎದುರು ಮನೆಯ ಪರಮೇಶನ ಟಿವಿಯನ್ನು ಅನುಮಾನಿಸಿ, ಅವನ ಮನೆಯವರೆಲ್ಲ ಮದುವೆಗೆ ಹೋದ ದಿನವೂ ಶಬ್ದ ನಿಲ್ಲದ್ದು ಕಂಡು ನಿರಾಶನಾಗಿದ್ದ. ಹೆದ್ದಾರಿಯ ಪಕ್ಕದ ಮೊಬೈಲ್ ಟವರನ್ನಂತೂ ದಿನವೂ ಬೈದಿದ್ದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಭೌತಶಾಸ್ತ್ರ ಪಾಠ ಮಾಡುವ ಐವತ್ತಮೂರು ವರ್ಷದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಹಾಲು ಕೊಟ್ಟು ಬರುತ್ತಿದ್ದ ದೊಡ್ಡಯ್ಯ ಸೈಕಲ್ ನಿಧಾನ ಮಾಡಿ, ಸ್ಕೋರ್ ಎಷ್ಟಾಯ್ತು ಅಂತ ಕೇಳಿದ. ಸುದರ್ಶನ್ ಗೊತ್ತಿಲ್ಲ ಅಂದ. ಕಿವಿಗೆ ರೇಡಿಯೋ ಹಿಡಿದು ಗೋಡೆ ಸವರುತ್ತಿರುವವನು ಸ್ಕೋರ್ ಗೊತ್ತಿಲ್ಲ ಅನ್ನುವುದು ದೊಡ್ಡಯ್ಯನಿಗೆ ಸೊಕ್ಕಾಗಿ ಕಂಡಿರಬೇಕು. ಅವನು ಮತ್ತೇನೂ ಕೇಳದೆ ಹೋದ.

ಸಂಜೆ ಐದೂವರೆಗೆ ಉತ್ತರದ ಒಂದು ಪುಟ್ಟ ದೇಶದ ನಿಲಯ ತನ್ನ ಶಾರ್ಟ್‌ವೇವ್ ಪ್ರಸಾರವನ್ನು ಶಾಶ್ವತವಾಗಿ ನಿಲ್ಲಿಸುವುದಿತ್ತು. ಕೊನೆಯ ಅರ್ಧ ಗಂಟೆ ಕೇಳುಗರ ಪತ್ರಗಳಿಗೆ ಮೀಸಲು. ಸುದರ್ಶನ್ ಇಪ್ಪತ್ತೊಂಬತ್ತು ವರ್ಷಗಳಿಂದ ಆ ನಿಲಯವನ್ನು ಕೇಳುತ್ತಿದ್ದ. ಕೇಳಿ ವರದಿ ಬರೆಯುತ್ತಿದ್ದ: ಯಾವ ದಿನ, ಯಾವ ಹೊತ್ತು, ಎಷ್ಟು ಸ್ಪಷ್ಟ, ಅಡ್ಡ ಶಬ್ದ ಎಷ್ಟು, ಯಾರು ಏನು ಹೇಳಿದರು. ವರದಿ ಸರಿಯಿದ್ದರೆ ಅವರು, ಹೌದು, ನೀವು ಕೇಳಿದ್ದು ನಮ್ಮನ್ನೇ ಎಂದು ಒಪ್ಪಿ ಒಂದು ಚಿತ್ರದ ಕಾರ್ಡು ಕಳಿಸುತ್ತಿದ್ದರು. ಇಂಥ ಕಾರ್ಡು ಕೂಡಿಹಾಕುವವರು ಲೋಕದಲ್ಲಿ ಕೆಲವು ಸಾವಿರ ಮಂದಿ ಇದ್ದಾರು. ಅವರಿಗೆ ಇರುವುದು ಒಂದೇ ಕಟ್ಟಳೆ. ತನ್ನ ತಂತಿಗೆ ಸಿಕ್ಕಿ ತನ್ನ ಕಿವಿಗೆ ಬಿದ್ದದ್ದನ್ನು ಮಾತ್ರ ಬರೆಯಬೇಕು.

ಆ ಕಟ್ಟಳೆಯನ್ನು ಸುದರ್ಶನ್ ನಾಲ್ಕು ಸಲ ಮುರಿದಿದ್ದ.

ಕರಕರ ಶುರುವಾದ ಮೇಲೆ ರೇಡಿಯೋದಲ್ಲಿ ಒಂದು ಮಾತೂ ತಿಳಿಯುತ್ತಿರಲಿಲ್ಲ. ಅದೇ ಕಾರ್ಯಕ್ರಮ ಮೊಬೈಲಿನಲ್ಲಿ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿತ್ತು. ಅವನು ಮೊಬೈಲಿನಲ್ಲಿ ಕೇಳಿ, ರೇಡಿಯೋದಲ್ಲಿ ಕೇಳಿದೆ ಎಂದು ಬರೆದ. ನಂಬಿಕೆ ಬರಲಿ ಎಂದು, ನಡುವೆ ಧ್ವನಿ ಸ್ವಲ್ಪ ಏರಿಳಿಯಿತು ಅಂತಲೂ ಸೇರಿಸಿದ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಹುಡುಗರೂ ಹೀಗೆಯೇ ಒಂದೆರಡು ತಪ್ಪು ಬೇಕೆಂದೇ ಬರೆಯುತ್ತಾರೆ. ಅದನ್ನು ಅವನು ಎಷ್ಟೋ ಸಲ ಹಿಡಿದಿದ್ದ. ನಾಲ್ಕು ಕಾರ್ಡುಗಳು ಬಂದವು. ಅವನ್ನು ಆಲ್ಬಮ್ಮಿಗೆ ಹಾಕಲು ಕೈ ಬರಲಿಲ್ಲ.

ಮೂರು ವಾರದ ಹಿಂದೆ ಎರಡು ಪುಟದ ಪತ್ರ ಬರೆದು ಹಾಕಿದ್ದ. ನಾಲ್ಕು ವರದಿಗಳು ಸುಳ್ಳು, ನಾನು ಕೇಳಿರಲಿಲ್ಲ, ಕ್ಷಮಿಸಿ. ಪತ್ರದ ಕಾರ್ಯಕ್ರಮ ನಡೆಸುವ ಇಂಗ್ರಿಡ್ ಎಂಬಾಕೆಯ ಹೆಸರಿಗೆ. ತಾನು ಹೀಗೆ ಬಾಯಿಬಿಟ್ಟು ಇನ್ನಾರಲ್ಲಾದರೂ ಕ್ಷಮೆ ಕೇಳಿದ್ದುಂಟೇ ಎಂದು ಅಂಚೆಪೆಟ್ಟಿಗೆಯ ಮುಂದೆ ಯೋಚಿಸಿದ್ದ. ನೆನಪಾಗಲಿಲ್ಲ. ಇವತ್ತು ಅವಳು ಅದಕ್ಕೆ ಉತ್ತರ ಹೇಳಬೇಕು. ಅದನ್ನು ಅವನು ರೇಡಿಯೋದಲ್ಲೇ ಕೇಳಬೇಕು. ಮೊಬೈಲಿನಲ್ಲಿ ಕೇಳಿದರೆ ಆ ಕ್ಷಮೆಯೂ ಐದನೆಯ ಸುಳ್ಳಾಗುತ್ತಿತ್ತು.

ಒಳಗೆ ಹೆಂಡತಿ ದೀಪಶ್ರೀ ಸೀರೆ ಮಡಿಸಿ ಬ್ಯಾಗಿಗೆ ಇಡುತ್ತಿದ್ದಳು. ಅರಕಲಗೂಡಿನಲ್ಲಿ ಅವಳ ತಂಗಿಯ ಮನೆಯ ಗೃಹಪ್ರವೇಶ, ನಾಳೆ ಬೆಳಿಗ್ಗೆ.

"ಸಿಕ್ತಾ ನಿಮ್ಮ ಕಳ್ಳ?" ಅಂದಳು.

"ನಂಜಪ್ಪನ ಮನೆ. ಪಕ್ಕದ ಕೋಣೆ."

ಅವಳು ಸೀರೆ ಹಿಡಿದ ಕೈ ನಿಲ್ಲಿಸಿ ಅವನನ್ನು ನೋಡಿದಳು. ಅದು ಬಸವಲಿಂಗಮ್ಮನ ಹಾಸಿಗೆಯ ಪಂಪು ಇರಬೇಕು ಎಂದಳು. ನಂಜಪ್ಪನ ಹೆಂಡತಿಗೆ ಲಕ್ವ ಹೊಡೆದು ಮಲಗಿದಲ್ಲೇ ಆದಾಗಿನಿಂದ ಗಾಳಿ ಹಾಸಿಗೆ ತಂದಿದ್ದಾರೆ, ಅದಕ್ಕೆ ಹಗಲೂ ರಾತ್ರಿ ಪಂಪು ಗಾಳಿ ಊದುತ್ತಿರುತ್ತದೆ, ಇಲ್ಲದಿದ್ದರೆ ಬೆನ್ನೆಲ್ಲ ಹುಣ್ಣಾಗುತ್ತದೆ. ಇದನ್ನೆಲ್ಲ ಅವಳು ಹೊಸದಾಗಿ ಹೇಳುತ್ತಿರಲಿಲ್ಲ. ಅವನು ಹೊಸದಾಗಿ ಕೇಳುತ್ತಿದ್ದ.

"ಎಂಟು ತಿಂಗಳಾಯ್ತು. ನೀವು ಒಂದು ಸಲ ಹೋಗಿ ನೋಡ್ಲಿಲ್ಲ."

"ಹೋಗ್ಬೇಕು."

"ಅರಕಲಗೂಡಿಗೂ ಬರಲ್ಲ ಅಲ್ವಾ?"

"ಪೇಪರ್ ವ್ಯಾಲ್ಯುಯೇಶನ್ ಇದೆ."

ಅವಳು ಮೇಜಿನ ಮೇಲಿದ್ದ ಕಾರಿನ ಬ್ಯಾಟರಿಯನ್ನೂ ಅದಕ್ಕೆ ಸುತ್ತಿದ್ದ ತಂತಿಯನ್ನೂ ನೋಡಿದಳು. ನೋಡಿ ಜಿಪ್ ಎಳೆದಳು. ಹನ್ನೊಂದೂವರೆಯ ಹೊಳೆನರಸೀಪುರದ ಬಸ್ಸಿಗೆ ಅವನೇ ಸ್ಕೂಟರಿನಲ್ಲಿ ಬಿಟ್ಟು ಬಂದ. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಇಬ್ಬರಿಗೂ ಮಾತಾಡಬೇಕಾದ ಕಷ್ಟ ತಪ್ಪಿತು.

ಮಧ್ಯಾಹ್ನ ಅವನು ತಯಾರಿಗೆ ಇಳಿದ. ಮಹಡಿಯ ಪೈಪಿನಿಂದ ಹಿತ್ತಲ ತೆಂಗಿನ ಮರಕ್ಕೆ ಎಳೆದಿದ್ದ ಏರಿಯಲ್ ತಂತಿ ಜೋತಿತ್ತು; ಬಿಗಿದು ಕಟ್ಟಿದ. ನೆಲದಲ್ಲಿ ಹೂತಿದ್ದ ಅರ್ತ್ ಪೈಪಿನ ಬುಡಕ್ಕೆ ಎರಡು ಕೊಡ ಉಪ್ಪುನೀರು ಹೊಯ್ದ. ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿದ. ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. ರೇಡಿಯೋಗೆ ಬ್ಯಾಟರಿ ಸೇರಿಸಿ, ನಿಲಯದ ಜಾಗಕ್ಕೆ ತಂದು, ಸಣ್ಣ ತಿರುಪನ್ನು ಎರಡು ಬೆರಳಲ್ಲಿ ಹಿಡಿದು ಕೂದಲೆಳೆಯಷ್ಟು ಆಚೀಚೆ ಮಾಡಿದ. ಜರಡಿಯ ಕಣ್ಣು ಕಿರಿದು ಮಾಡಿದ ಹಾಗೆ ಫಿಲ್ಟರನ್ನು ಕಿರಿದು ಮಾಡಿದ. ಆ ಜಾಗದಲ್ಲಿ ಇನ್ನೂ ಯಾರೂ ಇರಲಿಲ್ಲ. ಆದರೂ ಅಲೆಯ ಬಲ ತೋರಿಸುವ ಮುಳ್ಳು ಒಂಬತ್ತರ ಮೇಲೆ ಕುಣಿಯುತ್ತಿತ್ತು. ಕರಕರ, ನಿಲ್ಲುವುದು, ಮತ್ತೆ ಕರಕರ. ಹಾಸಿಗೆಯ ಒಂದು ಸಾಲು ಉಬ್ಬಿ ಇನ್ನೊಂದು ಸಾಲು ಇಳಿಯುವ ತಾಳ ಅದು ಎಂದು ಈಗ ಗೊತ್ತಾಯಿತು.

ಗೊತ್ತಾದದ್ದರಿಂದ ಅವನಿಗೆ ಕನಿಕರ ಹುಟ್ಟಲಿಲ್ಲ. ಸಿಟ್ಟು ಬಂತು. ಪಂಪಿನೊಳಗಿನ ಅಗ್ಗದ ಸರ್ಕ್ಯೂಟಿನ ಮೇಲೆ ಅಂತ ತನಗೆ ತಾನೇ ಹೇಳಿಕೊಂಡ.

ನಾಲ್ಕೂಕಾಲು ಗಂಟೆಗೆ ಕಿತ್ತಳೆ ಹಣ್ಣಿನ ಕವರು ಹಿಡಿದು ನಂಜಪ್ಪನ ಮನೆಯ ಗೇಟು ತೆಗೆದ. ಏನು ಹೇಳಬೇಕು ಎಂಬುದನ್ನು ಇಂಗ್ಲಿಷಿನಲ್ಲಿ ಯೋಚಿಸಿಟ್ಟುಕೊಂಡಿದ್ದ. ಕನ್ನಡದಲ್ಲಿ ಯೋಚಿಸಿದರೆ ನಾಚಿಕೆಯಾಗುತ್ತಿತ್ತು.

ನಂಜಪ್ಪ ಮೂವತ್ತು ವರ್ಷ ಊರಲ್ಲಿ ಕೊಬ್ಬರಿ ಮಂಡಿ ನಡೆಸಿ, ಹೆಂಡತಿ ಮಲಗಿದ ಮೇಲೆ ಮುಚ್ಚಿದವನು. ಬಾಗಿಲಲ್ಲಿ ಸುದರ್ಶನನನ್ನು ಕಂಡು ಗಡಬಡಿಸಿ ಒಳಗೆ ಕರೆದ. ಹೆಗಲ ಟವೆಲ್ಲಿನಿಂದ ಕುರ್ಚಿ ಒರೆಸಿದ. ಆಮೇಲೆ ಕೂರಿಸುವುದನ್ನು ಮರೆತು ನೇರ ಪಕ್ಕದ ಕೋಣೆಗೆ ಕರೆದುಕೊಂಡು ಹೋದ.

"ನೋಡೇ, ಯಾರು ಬಂದವ್ರೆ ಅಂತ. ಮೇಷ್ಟ್ರು. ನಿನ್ನ ನೋಡಕೇ ಬಂದವ್ರೆ."

ಬಸವಲಿಂಗಮ್ಮ ಕಣ್ಣು ಹೊರಳಿಸಿದಳು. ಬಾಯಿಯ ಒಂದು ಪಕ್ಕ ಅಲುಗಿತು, ಇನ್ನೊಂದು ಪಕ್ಕ ಅಲುಗಲಿಲ್ಲ. ಅವಳ ಮೈಯ ಕೆಳಗೆ ಹಾಸಿಗೆಯ ಉಬ್ಬುಗಳು ಒಂದೊಂದಾಗಿ ಏರಿ ಇಳಿಯುತ್ತಿದ್ದವು. ಮಂಚದ ಕಾಲಿಗೆ ತೂಗುಹಾಕಿದ್ದ ಸಣ್ಣ ಪೆಟ್ಟಿಗೆಯನ್ನು ಸುದರ್ಶನ್ ಮೊದಲು ನೋಡಿದ. ಅದರ ಹಸಿರು ದೀಪ, ಅದರ ವೈರು, ಗೋಡೆಯ ಸ್ವಿಚ್ಚು. ಆಮೇಲೆ ಅವಳ ಮುಖ ನೋಡಿದ.

ನಂಜಪ್ಪ ಮಾತಾಡುತ್ತಲೇ ಇದ್ದ. ಹಾಸನದ ಆಸ್ಪತ್ರೆ, ಕೊಟ್ಟ ಮಾತ್ರೆಗಳು, ಹೋದ ತಿಂಗಳು ಕರೆಂಟು ಹೋಗಿ ಇನ್ವರ್ಟರೂ ಕೈಕೊಟ್ಟು ಒಂದು ರಾತ್ರಿಗೇ ಬೆನ್ನಲ್ಲಿ ಆದ ಹುಣ್ಣು. ಈಗ ವಸಿ ಒಣಗುತ್ತಿದೆಯಂತೆ. ಅದನ್ನು ಹೇಳುವಾಗ ಅವನ ಮುಖದಲ್ಲಿ ಪಾಸಾದ ಹುಡುಗನ ಹೆಮ್ಮೆಯಿತ್ತು.

"ನೀವು ಬಂದಿದ್ದು ಬಾಳ ಸಂತೋಸ ಆಯ್ತು ಸಾ," ಅಂದ. ಅವನ ಕಣ್ಣು ನೆನೆದಿದ್ದವು.

ಆಗ ಸುಮ್ಮನೆ ಹೊರಟು ಬರಬಹುದಿತ್ತು. ಸುದರ್ಶನ್ ಗೋಡೆ ಗಡಿಯಾರ ನೋಡಿದ. ನಾಲ್ಕು ಮೂವತ್ತೈದು.

ಅವನು ಹೇಳಿದ. ರೇಡಿಯೋ, ಅಡ್ಡ ಶಬ್ದ, ಪಂಪು, ಐದರಿಂದ ಐದೂವರೆ. ಹೇಳುತ್ತಾ ಹೇಳುತ್ತಾ ತನ್ನ ಧ್ವನಿ ತರಗತಿಯ ಧ್ವನಿಯಾಗುತ್ತಿರುವುದು ಅವನಿಗೇ ಕೇಳಿಸಿತು. ನಂಜಪ್ಪ ಒಂದು ಗಳಿಗೆ ಪೆಟ್ಟಿಗೆಯನ್ನೂ ಹೆಂಡತಿಯನ್ನೂ ನೋಡಿದ.

"ಕಾಲೇಜಿನ ಕೆಲ್ಸವಾ ಸಾ?"

"ಒಂದು ರೀತಿ. ಅರ್ಧ ಗಂಟೆಯ ಮಟ್ಟಿಗೆ."

ಹಾಸಿಗೆಯ ಗಾಳಿ ಇಳಿಯಲು ಹೇಗೂ ಅರ್ಧ ಗಂಟೆ ಬೇಕು ಎಂದು ನಂಜಪ್ಪ ಲೆಕ್ಕ ಹಾಕಿದ. ಅಷ್ಟರಲ್ಲಿ ಒಂದು ಸಲ ಮಗ್ಗುಲು ಬದಲಿಸಿದರೆ ಆಯಿತು. ಮಂಡಿಯವರಿಗೆ ಒಂದು ಅಭ್ಯಾಸವುಂಟು. ಬಾಯಲ್ಲಿ ಒಮ್ಮೆ ದರ ಬಂದರೆ ಮುಗಿಯಿತು; ಆಮೇಲೆ ಪೇಟೆ ಬಿದ್ದರೂ ಎದ್ದರೂ ಕೊಂಡವನು ಬಿಡುವ ತನಕ ಕೊಟ್ಟವನು ಕದಲುವುದಿಲ್ಲ. ಆ ಮಾತಿನ ಮೇಲೆಯೇ ಅವನು ಮೂವತ್ತು ವರ್ಷ ಬದುಕಿದ್ದ.

"ಆಗ್ಲಿ ಬುಡಿ ಸಾ. ನಿಮ್ದು ಮುಗ್ದೇಟ್ಗೆ ಒಂದು ಮಾತು ಯೋಳಿ. ನೀವು ಯೋಳೋಗಂಟ ನಾನು ಸ್ವಿಚ್ಚು ಮುಟ್ಟಕಿಲ್ಲ."

ನಾಲ್ಕೂ ಐವತ್ತೆಂಟಕ್ಕೆ ಕರಕರ ನಿಂತಿತು.

ಸುದರ್ಶನ್ ಕೋಣೆಯಲ್ಲಿ ಒಂಟಿಯಾಗಿ ಕೂತಿದ್ದ. ಮುಳ್ಳು ಒಂಬತ್ತರಿಂದ ಒಂದಕ್ಕೆ ಇಳಿದು ಮಲಗಿತು. ಎಂಟು ತಿಂಗಳ ಮೇಲೆ ಮೊದಲ ಸಲ ಅವನಿಗೆ ಆಕಾಶದ ಸದ್ದು ಕೇಳಿಸಿತು, ದೂರದಲ್ಲಿ ಭತ್ತ ಕೇರಿದ ಹಾಗೆ ಒಂದು ಸಣ್ಣ ಸರಸರ. ಅವನಿಗೆ ಸಂತೋಷವಾಯಿತು. ಕಣ್ಣಲ್ಲಿ ನೀರು ಬರುವಷ್ಟು ಸಂತೋಷ. ಅದನ್ನು ಯಾರೂ ನೋಡುವುದಿಲ್ಲ ಎಂಬುದೂ ಸಂತೋಷವೇ ಆಗಿತ್ತು.

ಐದಕ್ಕೆ ಸರಿಯಾಗಿ ನಿಲಯದ ರಾಗ ಬಂತು. ಮುಳ್ಳು ಎದ್ದು ಏಳರ ಮೇಲೆ ನಿಂತಿತು. ಅವನು ಸಣ್ಣ ತಿರುಪನ್ನು ಮುಟ್ಟಿ, ಧ್ವನಿಯ ಒಡಕು ಹೋಗುವ ತನಕ ಕಾದು, ಬೆರಳು ತೆಗೆದ. ಇಂಗ್ರಿಡ್ ಪಕ್ಕದ ಕುರ್ಚಿಯಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟವಾಗಿತ್ತು. ಅವಳಿಗೆ ವಯಸ್ಸಾಗಿದೆ ಎಂದು ತಿಳಿಯಿತು. ಪ್ರತಿ ವಾಕ್ಯದ ಕೊನೆಗೆ ಉಸಿರೆಳೆದುಕೊಳ್ಳುತ್ತಿದ್ದಳು. ಮೊಬೈಲಿನಲ್ಲಿ ಈ ಉಸಿರು ಕೇಳಿರಲಿಲ್ಲ, ಅಥವಾ ಅವನು ಕಿವಿಗೊಟ್ಟಿರಲಿಲ್ಲ.

ಅವಳು ಪತ್ರಗಳನ್ನು ಓದತೊಡಗಿದಳು. ಒಬ್ಬ ಮೀನುಗಾರ, ಒಬ್ಬ ಕುರುಡ, ಒಬ್ಬ ನಿವೃತ್ತ ಸೈನಿಕ. ಎಲ್ಲರೂ ಕೃತಜ್ಞರು, ಎಲ್ಲರೂ ಪ್ರಾಮಾಣಿಕರು. ಇವರ ನಡುವೆ ತನ್ನ ಪತ್ರ ಓದಿದರೆ ಲೋಕದ ಮುಂದೆ ಮಾನ ಹೋಗುತ್ತದೆ. ಓದದಿದ್ದರೆ ಕ್ಷಮೆ ಸಿಗುವುದಿಲ್ಲ. ಎರಡಕ್ಕೂ ಸುದರ್ಶನ್ ಹೆದರಿದ್ದ, ಎರಡನ್ನೂ ಬಯಸಿದ್ದ.

ಐದೂ ಹದಿನೆಂಟರ ಹೊತ್ತಿಗೆ ಇನ್ನೊಂದು ಧ್ವನಿ ಸೇರಿಕೊಂಡಿತು. ಅವನು ತಿರುಪನ್ನು ಸರಿಸಿದ. ಹೋಗಲಿಲ್ಲ. ಫಿಲ್ಟರನ್ನು ಇನ್ನೂ ಕಿರಿದು ಮಾಡಿದ. ಆಗಲೂ ಹೋಗದಿದ್ದಾಗ ಅದು ರೇಡಿಯೋದ್ದಲ್ಲ ಎಂದು ಗೊತ್ತಾಯಿತು. ಕಿಟಕಿಯಿಂದ ಬರುತ್ತಿತ್ತು. ಬಸವಲಿಂಗಮ್ಮ ನರಳುತ್ತಿದ್ದಳು. ಮಾತು ಹೋದವಳು; ಒಂದೇ ಅಕ್ಷರ, ಎಳೆದೆಳೆದು.

ಅವನು ಎದ್ದು ಕಿಟಕಿ ಹಾಕಬಹುದಿತ್ತು. ಹಾಕಿದರೆ ನಂಜಪ್ಪ ನೋಡುತ್ತಾನೆ. ಅದಕ್ಕೇ ಹೆಡ್‌ಫೋನ್ ಹಾಕಿಕೊಂಡ.

ಐದೂ ಇಪ್ಪತ್ತೇಳಕ್ಕೆ ಅವನ ಹೆಸರು ಬಂತು. ದಕ್ಷಿಣ ಭಾರತದ ಚನ್ನರಾಯಪಟ್ಟಣದಿಂದ ಸುದರ್ಶನ್ ಒಂದು ದೀರ್ಘ ಪತ್ರ ಬರೆದಿದ್ದಾರೆ ಅಂದಳು ಇಂಗ್ರಿಡ್. ಅವನ ಎರಡು ಕೈಗಳೂ ಮೇಜಿನ ಅಂಚನ್ನು ಹಿಡಿದವು. ಪತ್ರ ಪೂರ್ತಿ ಓದಲು ನಮಗೆ ಸಮಯವಿಲ್ಲ, ಆದರೆ ಸುದರ್ಶನ್, ಇಪ್ಪತ್ತೊಂಬತ್ತು ವರ್ಷ ನಮ್ಮನ್ನು ಇಷ್ಟು ಪ್ರಾಮಾಣಿಕವಾಗಿ ಕೇಳಿದ್ದಕ್ಕೆ ಧನ್ಯವಾದ. ಕಾಗದ ಮಗುಚಿದ ಸದ್ದು. ಮುಂದಿನ ಪತ್ರ ಯಾವುದೋ ದ್ವೀಪದ ಶಾಲಾ ಮಾಸ್ತರನದು.

ಅಷ್ಟೇ.

ಅವಳು ಪತ್ರ ಓದಿಯೇ ಇರಲಿಲ್ಲವೇ? ಓದಿ, ಕೊನೆಯ ದಿನ ಯಾಕೆ ಎಂದು ಮುಚ್ಚಿಹಾಕಿದಳೇ? ಪ್ರಾಮಾಣಿಕವಾಗಿ ಎಂಬುದನ್ನು ಬೇಕೆಂದೇ ಹೇಳಿದಳೇ? ಇಷ್ಟು ಸ್ಪಷ್ಟವಾಗಿ ಕೇಳಿಯೂ ಏನು ಕೇಳಿದೆನೆಂದು ಅವನಿಗೆ ತಿಳಿಯಲಿಲ್ಲ.

ಐದೂವರೆಗೆ ಅವಳು ವಿದಾಯ ಹೇಳಿದಳು. ಕೊನೆಯಲ್ಲಿ ಒಂದು ಮಾತು ಸೇರಿಸಿದಳು. ಟ್ರಾನ್ಸ್‌ಮಿಟರಿನ ಇಂಜಿನಿಯರುಗಳು ಅದನ್ನು ತಕ್ಷಣ ಆರಿಸಲು ಒಪ್ಪುತ್ತಿಲ್ಲ. ನಲವತ್ತು ವರ್ಷ ಅದರ ಜೊತೆ ಇದ್ದವರು. ಮಾತಿಲ್ಲದೆ, ಹಾಡಿಲ್ಲದೆ, ಇನ್ನು ಸ್ವಲ್ಪ ಹೊತ್ತು ಅದು ಹಾಗೇ ಉರಿಯುತ್ತಿರುತ್ತದೆ. ಇರಬೇಕೆನ್ನುವವರು ಇರಿ.

ಆಮೇಲೆ ಏನೂ ಇಲ್ಲ. ಆದರೆ ಅದು ನಿಲಯವಿಲ್ಲದ ಜಾಗದ ಮೌನವಾಗಿರಲಿಲ್ಲ. ಆಕಾಶದ ಸರಸರವನ್ನೂ ಅದುಮಿ ಹಿಡಿದ ಮೌನ. ಮುಳ್ಳು ಏಳರ ಮೇಲೆಯೇ ನಿಂತಿತ್ತು. ಸಾವಿರಾರು ಮೈಲಿ ದಾಟಿ, ಅವನ ತೆಂಗಿನ ಮರದ ತಂತಿಯ ತನಕ, ಖಾಲಿ ಅಲೆ ಬರುತ್ತಿತ್ತು.

ಸಮಯವಿಲ್ಲ ಎಂದವಳಿಗೆ ಈಗ ಬೇಕಾದಷ್ಟು ಸಮಯವಿತ್ತು. ಈ ಯೋಚನೆ ಬಂದದ್ದೇ ಸುದರ್ಶನ್ ಏಳಲು ಹೊರಟವನು ಮತ್ತೆ ಕೂತ. ಅವಳು ಇನ್ನೂ ಮೈಕಿನ ಮುಂದೆಯೇ ಇರಬಹುದು. ಪತ್ರ ಕೈಯಲ್ಲಿರಬಹುದು. ಒಂದು ಮಾತು ಹೇಳದೆ ಹೇಗೆ ಹೋದಾಳು? ಬುದ್ಧಿಗೆ ಇದು ಸುಳ್ಳೆಂದು ಗೊತ್ತಿತ್ತು. ಬುದ್ಧಿಯನ್ನು ಅವನು ಜೀವನವಿಡೀ ಪಾಠ ಮಾಡಲಿಕ್ಕೆ ಬಳಸಿದ್ದನೇ ಹೊರತು ಬೇರೆ ಯಾವುದಕ್ಕೂ ಅಲ್ಲ.

ಐದೂ ಮೂವತ್ತೆಂಟು. ಐದೂ ನಲವತ್ತನಾಲ್ಕು. ಅವನು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದ.

ಕಿಟಕಿಯಲ್ಲಿ ನೆರಳಾಡಿತು. ನಂಜಪ್ಪ ಕಾಂಪೌಂಡಿನಾಚೆ ನಿಂತು ಗೋಡೆಯ ಮೇಲೆ ಎರಡೂ ಕೈಯಿಟ್ಟಿದ್ದ. ಬನಿಯನ್ ಬೆವೆತು ಮೈಗೆ ಅಂಟಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಕರೆದರೆ ಮೇಷ್ಟ್ರ ಕೇಳುವಿಕೆ ಕೆಡುತ್ತದೆಂದು ಸುಮ್ಮನೆ ಕಾಯುತ್ತಿದ್ದ.

"ಇನ್ನೂ ಬತ್ತಾ ಐತಾ ಸಾ?"

ಸುದರ್ಶನ್ ಹೆಡ್‌ಫೋನಿನ ಒಂದು ಪಕ್ಕವನ್ನು ಸರಿಸಿದ. ಬಲಗಿವಿಯಲ್ಲಿ ಏನೂ ಇರಲಿಲ್ಲ. ಎಡಗಿವಿಗೆ ಬಸವಲಿಂಗಮ್ಮನ ಒಂದೇ ಅಕ್ಷರ ಬಿತ್ತು. ಅದು ಈಗ ನರಳುವಿಕೆಯಾಗಿರಲಿಲ್ಲ, ಯಾರನ್ನೋ ಕರೆಯುವ ಹಾಗಿತ್ತು.

"ಬರ್ತಾ ಇದೆ," ಅಂದ.

ನಂಜಪ್ಪ ತಲೆಯಾಡಿಸಿ ಒಳಗೆ ಹೋದ. ಎದುರು ಕಿಟಕಿಯಲ್ಲಿ ಅವನು ಮಂಚದ ಬಳಿ ಬಂದದ್ದು ಕಾಣಿಸಿತು. ಹಾಸಿಗೆ ಪೂರ್ತಿ ಇಳಿದು ಹಲಗೆಗೆ ಅಂಟಿಕೊಂಡಿತ್ತು. ಅವನು ಬಗ್ಗಿ, ಹೆಂಡತಿಯ ಬೆನ್ನಿನ ಕೆಳಗೆ ಒಂದು ತೋಳು, ಸೊಂಟದ ಕೆಳಗೆ ಒಂದು ತೋಳು ತೂರಿಸಿ, ಅವಳನ್ನು ಹಲಗೆಯಿಂದ ನಾಲ್ಕು ಬೆರಳು ಮೇಲಕ್ಕೆ ಎತ್ತಿ ಹಿಡಿದ. ಹಿಡಿದು ನಿಂತ.

"ವಸಿ ತಡ್ಕೊ ಕಣೆ. ಮೇಷ್ಟ್ರು ಕೇಳ್ತಾವ್ರೆ."

ಸುದರ್ಶನ್ ಹೆಡ್‌ಫೋನನ್ನು ಸರಿಯಾಗಿ ಹಾಕಿಕೊಂಡ. ಎದುರಿನ ಕೋಣೆ ಮೂಕವಾಯಿತು. ನಂಜಪ್ಪನ ತೋಳು ನಡುಗುತ್ತಿರುವುದು ಮಾತ್ರ ಕಾಣುತ್ತಿತ್ತು. ಸ್ವಿಚ್ಚು ಅವನ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು. ಅವನು ಅದರ ಕಡೆ ನೋಡುತ್ತಿರಲಿಲ್ಲ. ತಲೆಯೆತ್ತಿ ಸುದರ್ಶನನ ಕಿಟಕಿಯನ್ನೇ ನೋಡುತ್ತಿದ್ದ.

ಮುಳ್ಳು ಅಲುಗಲಿಲ್ಲ. ಸುದರ್ಶನ್ ವಾಲ್ಯೂಮನ್ನು ಕೊನೆಯ ತನಕ ತಿರುಗಿಸಿದ.